ಪುರಾವೆಯ ಹೊಣೆ: ಸ್ವಂತ ಅರ್ಜಿಯ ಗ್ರೀನ್ ಕಾರ್ಡ್ ಮತ್ತು ಸೇಡಂ–ಚಿತ್ತಾಪುರ ಸೀಮೆಯ ವೃತ್ತಿಪರರು

ಕಲಬುರಗಿ ಜಿಲ್ಲೆಯ ಪೂರ್ವ ಭಾಗದ ಬದುಕು ಸುಣ್ಣಕಲ್ಲಿನ ಮೇಲೆ ನಿಂತಿದೆ. ಶಹಾಬಾದಿನ ಹಾಸುಗಲ್ಲು, ಸಿಮೆಂಟ್ ಕಾರ್ಖಾನೆಗಳಾದ ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ, ಚಿತ್ತಾಪುರ ತಾಲ್ಲೂಕಿನ ಇಟಗಾದ ಓರಿಯಂಟ್, ಚಿಂಚೋಳಿ ತಾಲ್ಲೂಕಿನ ಕಲಬುರಗಿ ಸಿಮೆಂಟ್: ಎಲ್ಲಕ್ಕೂ ಆಧಾರ ಆ ಕಲ್ಲೇ. ಕಾರ್ಖಾನೆಯ ಕಾಲೊನಿಗಳಲ್ಲೋ ಸುತ್ತಲ ಹಳ್ಳಿಗಳಲ್ಲೋ ಬೆಳೆದು, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಪಿಡಿಎ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಥವಾ ಎಂ.ಆರ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ಅಮೆರಿಕ ಸೇರುವ ದಾರಿ ಇಲ್ಲಿಯ ಮನೆಗಳಿಗೆ ಹೊಸದಲ್ಲ. ಇದೇ ಸೀಮೆಯ ಸೇಡಂ, ಚಿತ್ತಾಪುರ, ಚಿಂಚೋಳಿಗಳನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ಇಂಥ ಕಡೆಯಿಂದ ಹೋದವರು ಕಂಪನಿಯ ಆಸರೆಯಿಲ್ಲದೆ ತಾವೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದಾಗ ಏನನ್ನು ಸಾಬೀತು ಮಾಡಬೇಕಾಗುತ್ತದೆ, ಅದರ ಪುರಾವೆ ಎಲ್ಲಿ ಸಿಗುತ್ತದೆ ಎಂಬುದು ಈ ಲೇಖನದ ವಿಷಯ. ನನ್ನ ವಾದ ಇಷ್ಟು: ಇಂಥ ಅರ್ಜಿಗಳು ಸೋಲುವುದು ಪ್ರತಿಭೆಯ ಕೊರತೆಗಿಂತ ಹೆಚ್ಚಾಗಿ ಪುರಾವೆ ಚದುರಿಹೋಗಿರುವುದರಿಂದ. ಆ ಚದುರುವಿಕೆಗೆ ಈ ಸೀಮೆಯದೇ ಆದ ಕಾರಣಗಳಿವೆ.

ಮೊದಲು ಕಾನೂನು. ಅಮೆರಿಕದ 1990ರ ವಲಸೆ ಕಾಯ್ದೆ ಉದ್ಯೋಗ ಆಧಾರಿತ ವಲಸೆಯನ್ನು ಐದು ವರ್ಗಗಳಾಗಿ ವಿಂಗಡಿಸಿ, ವರ್ಷಕ್ಕೆ ಸುಮಾರು 1,40,000 ವೀಸಾಗಳನ್ನು ಮೀಸಲಿಟ್ಟಿತು. ಬಹುಪಾಲು ಪ್ರಕರಣಗಳಲ್ಲಿ ಅರ್ಜಿದಾರ ಕಂಪನಿಯೇ. ನೌಕರ ಅದರ ಫಲಾನುಭವಿ. ಈ ಕೆಲಸಕ್ಕೆ ಅಮೆರಿಕನ್ನರು ಸಿಗಲಿಲ್ಲ ಎಂದು ಕಂಪನಿ ಕಾರ್ಮಿಕ ಇಲಾಖೆಗೆ ಮನವರಿಕೆ ಮಾಡಿಕೊಟ್ಟು ಲೇಬರ್ ಸರ್ಟಿಫಿಕೇಶನ್ ಪಡೆಯಬೇಕು. ಇದನ್ನು ದಾಟಿ ವ್ಯಕ್ತಿಯೇ ವಲಸೆ ಅರ್ಜಿಯ ಐ-140 ನಮೂನೆಗೆ ಸಹಿ ಹಾಕಬಹುದಾದ ಮುಖ್ಯ ದಾರಿಗಳು ಎರಡು. ಒಂದು, ಮೊದಲ ವರ್ಗದ ಅಸಾಧಾರಣ ಸಾಮರ್ಥ್ಯ, ಅಂದರೆ ಇಬಿ-1ಎ. ಇನ್ನೊಂದು, ಎರಡನೇ ವರ್ಗದ ರಾಷ್ಟ್ರೀಯ ಹಿತಾಸಕ್ತಿ ವಿನಾಯಿತಿ. ನಮ್ಮವರ ಬಾಯಲ್ಲಿ ಎನ್‌ಐಡಬ್ಲ್ಯು. ಎರಡನೆಯದಕ್ಕೆ ಸ್ನಾತಕೋತ್ತರ ಪದವಿ ಅಥವಾ ಬಿ.ಇ. ನಂತರ ಐದು ವರ್ಷಗಳ ಏರುಮುಖದ ಅನುಭವ ಬೇಕು. ಇಲ್ಲವೇ ವಿಶಿಷ್ಟ ಸಾಮರ್ಥ್ಯವನ್ನು ತೋರಿಸಬೇಕು. ಮೂರು ವರ್ಷದ ಬಿ.ಎಸ್ಸಿ. ಒಂದನ್ನೇ ಹಿಡಿದುಕೊಂಡು ಹೋದವರು ಇಲ್ಲಿಯೇ ಎಡವುತ್ತಾರೆ. ಅದನ್ನು ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮವೆಂದು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಎನ್‌ಐಡಬ್ಲ್ಯುವಿನ ಇಂದಿನ ಅಳತೆಗೋಲು 2016ರ ಡಿಸೆಂಬರಿನ ಧನಸಾರ್ ತೀರ್ಪು. ಅದಕ್ಕೆ ಮುಂಚೆ 1998ರ ನ್ಯೂಯಾರ್ಕ್ ರಾಜ್ಯ ಸಾರಿಗೆ ಇಲಾಖೆಯ ತೀರ್ಪು ನಡೆಯುತ್ತಿತ್ತು. ಅದು ಸೇತುವೆಗಳ ಮೇಲೆ ಕೆಲಸ ಮಾಡುವ ಇಂಜಿನಿಯರೊಬ್ಬರ ಪ್ರಕರಣ, ವಿನಾಯಿತಿ ಸಿಗಲಿಲ್ಲ. ಧನಸಾರ್ ತೀರ್ಪು ಆ ಹಳೆಯ ಅಳತೆಯನ್ನು ಕೈಬಿಟ್ಟು ಮೂರು ಪ್ರಶ್ನೆ ಕೇಳಿತು. ಕೈಗೊಳ್ಳಲಿರುವ ಕೆಲಸಕ್ಕೆ ಸತ್ವವೂ ರಾಷ್ಟ್ರೀಯ ಮಹತ್ವವೂ ಇದೆಯೇ? ಅದನ್ನು ಮುಂದಕ್ಕೆ ಒಯ್ಯುವ ಸ್ಥಿತಿಯಲ್ಲಿ ಅರ್ಜಿದಾರರು ಇದ್ದಾರೆಯೇ? ಎಲ್ಲವನ್ನೂ ತೂಗಿದರೆ, ಉದ್ಯೋಗದ ಆಹ್ವಾನವನ್ನೂ ಲೇಬರ್ ಸರ್ಟಿಫಿಕೇಶನನ್ನೂ ಬಿಟ್ಟುಕೊಡುವುದರಿಂದ ದೇಶಕ್ಕೆ ಲಾಭವೇ? ಈ ಮೂರನ್ನು ಬಾಯಿಪಾಠ ಮಾಡಿದವರು ಬಹಳ. ತೀರ್ಪಿನ ಒಳಗಿರುವ ಒಂದು ಸಂಗತಿಯನ್ನು ಗಮನಿಸಿದವರು ಕಡಿಮೆ. ಅರ್ಜಿದಾರರಾದ ಧನಸಾರ್ ವಿಮಾನ ಮತ್ತು ಬಾಹ್ಯಾಕಾಶ ನೋದನದ ಸಂಶೋಧಕರೂ ಹೌದು, ಅಧ್ಯಾಪಕರೂ ಹೌದು. ಅವರ ಪಾಠಕ್ಕೆ ಸತ್ವವಿದೆ ಎಂದು ವಲಸೆ ಇಲಾಖೆಯ ಮೇಲ್ಮನವಿ ಕಚೇರಿ ಒಪ್ಪಿತು. ಆದರೆ ಅದರ ಪರಿಣಾಮ ತರಗತಿಯ ಆಚೆಗೆ ರಾಷ್ಟ್ರಮಟ್ಟಕ್ಕೆ ಮುಟ್ಟುತ್ತದೆ ಎಂಬುದು ಸಾಬೀತಾಗಲಿಲ್ಲ ಎಂದಿತು. ಅರ್ಜಿ ಗೆದ್ದದ್ದು ಸಂಶೋಧನೆಯ ಬಲದಿಂದ.

ಇದನ್ನು ವಾಡಿಯ ಗೂಡುಭಟ್ಟಿಯ ಮುಂದೆ ಇಟ್ಟು ನೋಡಬೇಕು. ಹತ್ತು ವರ್ಷ ಕಿಲ್ನ್ ವಿಭಾಗ ನೋಡಿಕೊಂಡ ಇಂಜಿನಿಯರಿಗೆ ಭಟ್ಟಿಯಿಂದ ಬರುವ ಕ್ಲಿಂಕರಿನ ಬಣ್ಣ ನೋಡಿಯೇ ಉರಿ ಹೆಚ್ಚೋ ಕಡಿಮೆಯೋ ಗೊತ್ತಾಗುತ್ತದೆ. ಆ ಜ್ಞಾನದ ಬೆಲೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಒಂದು ಕಾರ್ಖಾನೆಯ ಉತ್ಪಾದನೆ ಹೆಚ್ಚಿಸಿದ್ದು ಆ ಕಾರ್ಖಾನೆಗೆ ಆದ ಲಾಭ, ಧನಸಾರರ ತರಗತಿಯ ಪಾಠದಂತೆಯೇ. ರಾಷ್ಟ್ರಮಟ್ಟದ ಪ್ರಶ್ನೆ ಇರುವುದು ಬೇರೆ ಕಡೆ: ಸುಣ್ಣಕಲ್ಲು ಸುಟ್ಟಾಗ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಸಿಮೆಂಟ್ ತಯಾರಿಕೆಯ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಧನದ್ದಲ್ಲ, ಕಲ್ಲಿನದೇ. ಕ್ಲಿಂಕರ್ ಕಡಿಮೆ ಮಾಡಿ, ಸುಟ್ಟ ಜೇಡಿಯನ್ನೂ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸುವ ಎಲ್‌ಸಿ3 ಸಿಮೆಂಟಿನ ಮೇಲೆ ಸ್ವಿಟ್ಜರ್‌ಲ್ಯಾಂಡ್, ಕ್ಯೂಬಾ ಮತ್ತು ನಮ್ಮ ಐಐಟಿಗಳು ಕೂಡಿ ಕೆಲಸ ಮಾಡಿವೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಅದಕ್ಕೊಂದು ಮಾನಕವನ್ನೂ ಕೊಟ್ಟಿತು. ಸೇಡಂನ ಇಂಜಿನಿಯರ್ ತನ್ನ ಅನುಭವವನ್ನು ಈ ದೊಡ್ಡ ಪ್ರಶ್ನೆಗೆ ಜೋಡಿಸಿ, ಮುಂದೆ ಮಾಡುವ ಕೆಲಸ ಒಬ್ಬ ಮಾಲೀಕನ ಗೇಟಿನ ಆಚೆಗೂ ಹೇಗೆ ಹರಡುತ್ತದೆ ಎಂದು ತೋರಿಸಿದರೆ ಮೊದಲ ಪ್ರಶ್ನೆಗೆ ಉತ್ತರದ ರೂಪ ಬರುತ್ತದೆ. ಎರಡನೆಯದು ಕಷ್ಟ. ಅವರು ಬರೆದ ಪರೀಕ್ಷಾ ವರದಿಗಳು, ಸುಧಾರಣೆಯ ಟಿಪ್ಪಣಿಗಳು ಎಲ್ಲವೂ ಕಂಪನಿಯ ಸೊತ್ತು, ಕಪಾಟಿನ ಒಳಗೆ. ಪ್ರಾಧ್ಯಾಪಕನ ಕೆಲಸ ಪತ್ರಿಕೆಗಳಲ್ಲಿ ಅಚ್ಚಾಗಿ ಊರೂರು ತಿರುಗುತ್ತದೆ. ಕಾರ್ಖಾನೆಯವನ ಕೆಲಸ ಗೌಪ್ಯತೆಯ ಕರಾರಿನಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ ಕೆಲಸ ಬಿಡುವ ಮುನ್ನವೇ, ಯಾವ ಅವಧಿಯಲ್ಲಿ ಯಾವ ಹೊಣೆ, ಯಾವ ಬದಲಾವಣೆ ಎಂದು ವಿವರವಾದ ಪತ್ರವನ್ನು ಮೇಲಧಿಕಾರಿಯಿಂದ ಬರೆಸಿಕೊಳ್ಳುವುದು ಅತ್ಯಗತ್ಯ. ನಮ್ಮಲ್ಲಿ ರೂಢಿಯಲ್ಲಿರುವ ಎರಡು ಸಾಲಿನ ಅನುಭವ ಪ್ರಮಾಣಪತ್ರ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ವೈದ್ಯರ ಮಾತು ಬೇರೆ. ಅಮೆರಿಕದ 1999ರ ಒಂದು ಕಾಯ್ದೆಯ ಪ್ರಕಾರ, ವೈದ್ಯರ ಕೊರತೆ ಇರುವುದಾಗಿ ಗುರುತಿಸಿದ ಪ್ರದೇಶದಲ್ಲಿ ಅಥವಾ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಒಟ್ಟು ಐದು ವರ್ಷ ಪೂರ್ಣಾವಧಿ ಸೇವೆ ಸಲ್ಲಿಸುವ ವೈದ್ಯರಿಗೆ ರಾಷ್ಟ್ರೀಯ ಹಿತಾಸಕ್ತಿಯ ವಿನಾಯಿತಿ ಸಿಗುತ್ತದೆ. ಅವರ ಕೆಲಸ ಸಾರ್ವಜನಿಕ ಹಿತದ್ದು ಎಂದು ಒಕ್ಕೂಟದ ಇಲಾಖೆಯೋ ರಾಜ್ಯದ ಆರೋಗ್ಯ ಇಲಾಖೆಯೋ ಪತ್ರ ಕೊಡಬೇಕು. ಇಲ್ಲಿ ಪುರಾವೆ ಇಲಾಖೆಯಿಂದಲೇ ಬರುವುದರಿಂದ ಹಾದಿ ಸ್ಪಷ್ಟ. ಚಿಂಚೋಳಿಯ ತಾಂಡಾಗಳಲ್ಲಿ ಸ್ತ್ರೀರೋಗ ತಜ್ಞರು ಸಿಗದೆ ಬಾಣಂತಿಯರನ್ನು ಕಲಬುರಗಿಗೆ ಸಾಗಿಸುವ ಹೊತ್ತಿನಲ್ಲೇ, ಇದೇ ಜಿಲ್ಲೆಯಲ್ಲಿ ಓದಿದ ವೈದ್ಯರು ಅಮೆರಿಕದ ಹಿಂದುಳಿದ ಕೌಂಟಿಗಳ ಕೊರತೆ ನೀಗಿಸಿ ಕಾರ್ಡು ಪಡೆಯುತ್ತಾರೆ. ಇದಕ್ಕೆ ಆ ವೈದ್ಯರನ್ನು ದೂರುವುದು ನ್ಯಾಯವಲ್ಲ. ಕೊರತೆಗೆ ಬೆಲೆ ಕಟ್ಟಿದ ದೇಶ ಅದು, ಅಷ್ಟೆ.

ಇಬಿ-1ಎ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೊಬೆಲ್‌ನಂಥ ದೊಡ್ಡ ಪ್ರಶಸ್ತಿ ಇಲ್ಲದವರು ಹತ್ತು ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ತೋರಿಸಬೇಕು. ಆದರೂ ಮೂರು ಗೆರೆ ಎಳೆದ ಮಾತ್ರಕ್ಕೆ ಮುಗಿಯುವುದಿಲ್ಲ. 2010ರ ಕಜಾರಿಯನ್ ತೀರ್ಪಿನ ನಂತರ ಒಟ್ಟಾರೆ ಅರ್ಹತೆಯನ್ನೂ ತೂಗುತ್ತಾರೆ. ಈ ಎರಡನೇ ಹಂತವನ್ನು ಮರೆಮಾಚಿ, ‘ಪ್ರೊಫೈಲ್ ಕಟ್ಟಿಕೊಡುತ್ತೇವೆ’ ಎಂದು ದುಡ್ಡು ಕೇಳುವವರು ಹುಟ್ಟಿಕೊಂಡಿದ್ದಾರೆ: ಕೊಂಡ ಪ್ರಶಸ್ತಿ, ಕೊಂಡ ಸದಸ್ಯತ್ವ, ಹೆಸರು ಕೇಳದ ಪತ್ರಿಕೆಯಲ್ಲಿ ಲೇಖನ. 2024ರ ಏಪ್ರಿಲ್‌ನಿಂದ ಐ-140ರ ಶುಲ್ಕ 715 ಡಾಲರ್. ಸ್ವಂತ ಅರ್ಜಿದಾರರಿಗೆ ಅದರ ಮೇಲೆ 300. ಸರ್ಕಾರ ಕೇಳುವುದು ಇಷ್ಟು. ಇದರ ಹತ್ತಾರು ಪಟ್ಟು ತೆತ್ತು ಕೊಂಡ ಪದಕ ಅಧಿಕಾರಿಯ ಮೇಜಿನ ಮೇಲೆ ಅರ್ಜಿದಾರರ ನಿಜವಾದ ಸಾಧನೆಯ ಮೇಲೂ ಸಂಶಯ ಹುಟ್ಟಿಸುತ್ತದೆ. ಇದು ಸಹಾಯವಲ್ಲ, ವಂಚನೆ.

ಸ್ವಂತ ಅರ್ಜಿ ಹಾಕಿದರೆ ಸರದಿ ಬೇಗ ಬರುತ್ತದೆ ಎಂಬ ನಂಬಿಕೆಯೂ ತಪ್ಪು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಒಟ್ಟು ವೀಸಾಗಳ ಶೇ 7ಕ್ಕಿಂತ ಹೆಚ್ಚು ಸಿಗದಂತೆ ಮಿತಿಯಿದೆ; ಲೆಕ್ಕ ಹುಟ್ಟಿದ ನೆಲದ್ದು, ಪೌರತ್ವದ್ದಲ್ಲ. 2025ರ ಜುಲೈ ವೀಸಾ ಬುಲೆಟಿನ್‌ನಲ್ಲಿ ಭಾರತೀಯರ ಎರಡನೇ ವರ್ಗದ ಸರದಿ 2013ರ ಜನವರಿ 1ರಲ್ಲಿ ನಿಂತಿತ್ತು, ಅಂದರೆ ಅದಕ್ಕೂ ಮುಂಚಿನ ದಿನಾಂಕದವರದಷ್ಟೇ ಸರದಿ ಬಂದಿತ್ತು. ಮೊದಲ ವರ್ಗದ್ದು 2022ರ ಫೆಬ್ರವರಿ 15ರಲ್ಲಿ. ಎನ್‌ಐಡಬ್ಲ್ಯು ಅರ್ಜಿದಾರರೂ ಎರಡನೇ ವರ್ಗದ ಅದೇ ಸಾಲಿನಲ್ಲಿ, ಅರ್ಜಿ ಸಲ್ಲಿಸಿದ ದಿನಾಂಕದ ಚೀಟಿ ಹಿಡಿದು ಕಾಯಬೇಕು. ಲಾಭ ಬೇರೆ ಕಡೆ ಇದೆ. ಕಂಪನಿ ಕೈಬಿಟ್ಟರೂ ಆ ದಿನಾಂಕ ಉಳಿಯುತ್ತದೆ. ಐ-140 ಮಂಜೂರಾಗಿದ್ದರೆ ಎಚ್-1ಬಿ ಕೆಲಸದ ವೀಸಾವನ್ನು ಆರು ವರ್ಷದ ಆಚೆಗೂ ವಿಸ್ತರಿಸಬಹುದು; ಸಂಗಾತಿಗೆ ಕೆಲಸದ ಪರವಾನಗಿಗೂ ದಾರಿಯಾಗುತ್ತದೆ.

ಈ ದೀರ್ಘ ಕಾಯುವಿಕೆಯೇ ಊರಿನ ಕಾಗದಪತ್ರಗಳನ್ನು ದೊಡ್ಡ ಪ್ರಶ್ನೆಯಾಗಿಸುವುದು. ಐ-140 ಹಂತದಲ್ಲಿ ಜನನ ಪ್ರಮಾಣಪತ್ರ ಬೇಕಿಲ್ಲ. ಕೊನೆಯಲ್ಲಿ, ಸರದಿ ಬಂದು ಗ್ರೀನ್ ಕಾರ್ಡಿನ ಅಂತಿಮ ಅರ್ಜಿಯಾದ ಐ-485 ಸಲ್ಲಿಸುವಾಗ ಬೇಕು. ಜನನ–ಮರಣ ನೋಂದಣಿ ಕಾಯ್ದೆ 1969ರದು, ಜಾರಿಯಾದದ್ದು 1970ರಿಂದ. ಆದರೂ ಈ ಹಳ್ಳಿಗಳಲ್ಲಿ ಮನೆಯಲ್ಲಿ ಹೆರಿಗೆಯಾದ ಮಕ್ಕಳ ನೋಂದಣಿ ಎಷ್ಟೋ ವರ್ಷ ಬಿಟ್ಟುಹೋಗುತ್ತಿತ್ತು. ಮೊದಲ ಹೆರಿಗೆ ತವರಿನಲ್ಲಿ. ಚಿಂಚೋಳಿ, ಸೇಡಂನ ಸೊಸೆಯಂದಿರಲ್ಲಿ ಅನೇಕರ ತವರು ತಾಂಡೂರು, ಜಹೀರಾಬಾದ್ ಕಡೆ. ಹಾಗಾಗಿ ಸೇಡಂನವನ ಜನನ ದಾಖಲೆ ಆಗಿನ ಆಂಧ್ರಪ್ರದೇಶದ, ಈಗಿನ ತೆಲಂಗಾಣದ ಪುರಸಭೆಯ ರಿಜಿಸ್ಟರಿನಲ್ಲಿ ತೆಲುಗಿನಲ್ಲಿ ಕುಳಿತಿರುತ್ತದೆ. ಅದೂ ಕೆಲವೊಮ್ಮೆ ಮಗುವಿನ ಹೆಸರಿಲ್ಲದೆ, ‘ಗಂಡು’ ಎಂಬ ಒಂದೇ ನಮೂದಿನಲ್ಲಿ. ಶಾಲೆಯ ದಾಖಲಾತಿ ಪುಸ್ತಕದ ಕಥೆ ಇನ್ನೊಂದು. ಸೇರಿಸಲು ಬಂದ ಅಜ್ಜನಿಗೆ ತಾರೀಖು ಗೊತ್ತಿಲ್ಲ. ಹೆಡ್ ಮಾಸ್ತರು ವಯಸ್ಸು ಹೊಂದಿಸಿ ಜೂನ್ 1 ಎಂದು ಬರೆದುಕೊಂಡರು. ಅದೇ ತಾರೀಖು ಟಿ.ಸಿ.ಗೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹೋಯಿತು. ತಾಂಡೂರಿನ ರಿಜಿಸ್ಟರಿನಲ್ಲಿ ಬೇರೆಯೇ ದಿನ.

ಊರಿನ ಹೆಸರೂ ಹೀಗೆಯೇ. ಪಾಸ್‌ಪೋರ್ಟಿನಲ್ಲಿ ಗುಲ್ಬರ್ಗ, 2014ರ ನವೆಂಬರ್ 1ರ ನಂತರದ ಪ್ರಮಾಣಪತ್ರದಲ್ಲಿ ಕಲಬುರಗಿ. ಹಳೆಯ ಕಾಗದದಲ್ಲಿ ಶಹಾಬಾದ್ ಚಿತ್ತಾಪುರ ತಾಲ್ಲೂಕಿನ ಊರು. ಈಚೆಗೆ ಅದೇ ಒಂದು ತಾಲ್ಲೂಕು. ನಮಗೆ ಇದು ಸಾಮಾನ್ಯ ಸಂಗತಿ. ಅಲ್ಲಿಯ ಅಧಿಕಾರಿಗೆ ಎರಡು ಊರು. ಮರುಹೆಸರಿನ ಸರ್ಕಾರಿ ಅಧಿಸೂಚನೆಯ ಪ್ರತಿಯನ್ನು ಲಗತ್ತಿಸಿದರೆ ಈ ಗೊಂದಲ ತೀರುತ್ತದೆ. ಅನುವಾದಕ್ಕೆ ಸರ್ಕಾರಿ ಅನುವಾದಕರೇ ಬೇಕೆಂದಿಲ್ಲ. ಮೂಲ ಭಾಷೆಯೂ ಇಂಗ್ಲಿಷೂ ಬಲ್ಲವರು ಪೂರ್ಣವಾಗಿ, ಮೊಹರಿನ ಅಕ್ಷರ ಮತ್ತು ಬದಿಯ ಷರಾ ಸಹಿತ ಅನುವಾದಿಸಿ, ಅದು ಸಂಪೂರ್ಣ, ಸರಿಯಾದದ್ದು, ಅನುವಾದಿಸಲು ತಾವು ಸಮರ್ಥರು ಎಂದು ಸಹಿ ಮಾಡಿದರೆ ಸಾಕು.

ನೋಂದಣಿಯೇ ಆಗಿಲ್ಲದಿದ್ದರೆ ವಿಳಂಬ ನೋಂದಣಿಯ ದಾರಿಯಿದೆ. ಒಂದು ವರ್ಷ ದಾಟಿದ್ದಕ್ಕೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿಗಳ ಕಡೆಗೆ ತಂದಿತು. ಆದರೆ ಮೂವತ್ತು ವರ್ಷದ ನಂತರ ಮಾಡಿಸಿದ ನೋಂದಣಿಯನ್ನು ಅಮೆರಿಕದ ವಲಸೆ ಇಲಾಖೆ ಸುಲಭವಾಗಿ ನಂಬುವುದಿಲ್ಲ. ಪೂರಕ ದಾಖಲೆ ಕೇಳುತ್ತದೆ. ದಾಖಲೆಯೇ ಸಿಗದಿದ್ದಾಗ, ಅದು ಲಭ್ಯವಿಲ್ಲ ಎಂಬ ಕಚೇರಿಯ ಪತ್ರ, ಶಾಲೆಯ ದಾಖಲೆ ಕೊಡಬೇಕು. ಅವೂ ಸಾಲದಿದ್ದರೆ ಆ ಜನನವನ್ನು ನೇರವಾಗಿ ಬಲ್ಲ, ಅರ್ಜಿಯಲ್ಲಿ ಪಾಲುದಾರರಲ್ಲದ ಇಬ್ಬರ ಅಫಿಡವಿಟ್. ನೇರವಾಗಿ ಬಲ್ಲವರು ಎಂದರೆ ತಾಯಿ, ಸೋದರತ್ತೆ, ಹೆರಿಗೆಗೆ ನಿಂತ ಚಿಕ್ಕಮ್ಮ. ಅವರಿಗೀಗ ಎಪ್ಪತ್ತು ದಾಟಿದೆ.

ಎರಡನೇ ವರ್ಗದಲ್ಲಿ ಸರದಿ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಬಹುದು. ಅಷ್ಟರವರೆಗೆ ಸಾಕ್ಷಿಗಳು ಇರುತ್ತಾರೆ ಎಂಬ ಭರವಸೆ ಯಾರಿಗೂ ಇಲ್ಲ. ಅಮೆರಿಕದ ಕನ್ನಡ ಕೂಟಗಳಿಗೆ, ಅಕ್ಕ ಮತ್ತು ನಾವಿಕ ಸಂಸ್ಥೆಗಳಿಗೆ, ಪಿಡಿಎ ಹಾಗೂ ಎಂ.ಆರ್. ಕಾಲೇಜುಗಳ ಹಳೆಯ ವಿದ್ಯಾರ್ಥಿಗಳಿಗೆ ಒಂದು ವಿನಂತಿ: ಈ ಕಾಗದಪತ್ರಗಳ ಪಟ್ಟಿಯನ್ನೂ ಅಫಿಡವಿಟ್‌ನ ಮಾದರಿಯನ್ನೂ ಕನ್ನಡದಲ್ಲಿ ಸಿದ್ಧಪಡಿಸಿ ಸೇಡಂ, ಚಿತ್ತಾಪುರ, ಚಿಂಚೋಳಿಯ ಮನೆಗಳಿಗೆ ಮುಟ್ಟಿಸಿ. ಅರ್ಜಿ ಹಾಕುವ ಯೋಚನೆ ಇರುವವರು ಈ ಸಲ ಊರಿಗೆ ಬಂದಾಗ ನೋಟರಿಯ ಬಳಿ ಹೋಗಿ ಹಿರಿಯರ ಹೇಳಿಕೆಗಳನ್ನು ಬರೆಸಿಟ್ಟುಕೊಳ್ಳಿ. ಐ-140 ಆಮೇಲೆ ಹಾಕಬಹುದು.