ರೆಡ್ ಹಾರ್ವೆಸ್ಟ್

ಅಮೆರಿಕದ ಲೇಖಕ ಡ್ಯಾಶಿಯಲ್ ಹ್ಯಾಮೆಟ್‌ನ (1894–1961) ಮೊದಲ ಕಾದಂಬರಿ. 1927ರ ನವೆಂಬರ್‌ನಿಂದ 1928ರ ಫೆಬ್ರವರಿಯವರೆಗೆ ‘ಬ್ಲ್ಯಾಕ್ ಮಾಸ್ಕ್’ ಎಂಬ ಅಗ್ಗದ ಮಾಸಪತ್ರಿಕೆಯಲ್ಲಿ ನಾಲ್ಕು ಕಂತುಗಳಲ್ಲಿ ಬಂದು, 1929ರಲ್ಲಿ ಪುಸ್ತಕವಾಯಿತು. ಪ್ರಕಾಶಕರ ಒತ್ತಾಯಕ್ಕೆ ಹ್ಯಾಮೆಟ್ ಒಂದಷ್ಟು ಹಿಂಸೆಯನ್ನು ಕೈಬಿಟ್ಟ. ಆದರೂ ಇದರಲ್ಲಿ ಬೀಳುವ ಹೆಣಗಳು ಇಪ್ಪತ್ತಕ್ಕೂ ಹೆಚ್ಚು.

ಕಥೆ ನಡೆಯುವುದು 40,000 ಜನರಿರುವ ಪರ್ಸನ್‌ವಿಲ್ ಎಂಬ ಕಲ್ಪಿತ ಗಣಿ ಪಟ್ಟಣದಲ್ಲಿ. ಗಣಿ, ಬ್ಯಾಂಕು, ಪತ್ರಿಕೆ ಎಲ್ಲವೂ ಮುದುಕ ಎಲಿಹು ವಿಲ್ಸನ್‌ನವು. ಕಾರ್ಮಿಕರ ಮುಷ್ಕರ ಮುರಿಯಲು ಅವನು ಕರೆಸಿದ ಗೂಂಡಾಗಳು ಕೆಲಸ ಮುಗಿದ ಮೇಲೂ ಹೋಗದೆ, ಊರನ್ನೇ ಹಂಚಿಕೊಂಡಿದ್ದಾರೆ. ಅವನ ಮಗ, ಪತ್ರಿಕೆ ನಡೆಸುವ ಡೊನಾಲ್ಡ್, ಸ್ಯಾನ್ ಫ್ರಾನ್ಸಿಸ್ಕೋದಿಂದ ಖಾಸಗಿ ಪತ್ತೇದಾರನೊಬ್ಬನನ್ನು ಕರೆಸುತ್ತಾನೆ. ಭೇಟಿಯಾಗುವ ಮೊದಲೇ ಡೊನಾಲ್ಡ್ ಗುಂಡಿಗೆ ಬಲಿಯಾಗುತ್ತಾನೆ. ಆ ಕೊಲೆಯ ಗುಟ್ಟು ಬೇಗನೆ ಬಯಲಾಗುತ್ತದೆ. ಬೇರೆಯವರಾಗಿದ್ದರೆ ಕಥೆಯನ್ನು ಅಲ್ಲಿಗೇ ಮುಗಿಸುತ್ತಿದ್ದರು. ಹ್ಯಾಮೆಟ್‌ನ ಹೆಸರಿಲ್ಲದ, ಕುಳ್ಳ, ದಡೂತಿ ಪತ್ತೇದಾರ ಮಾತ್ರ ಊರು ಬಿಡದೆ ಗುಂಪುಗಳನ್ನು ಒಂದರ ಮೇಲೊಂದು ಎತ್ತಿಕಟ್ಟುತ್ತಾನೆ. ಒಂದು ಬೆಳಿಗ್ಗೆ ಮತ್ತಿನಿಂದ ಎಚ್ಚರವಾದಾಗ ಅವನ ಕೈ ಮಂಜುಗಡ್ಡೆ ಒಡೆಯುವ ದಬ್ಬಳದ ಹಿಡಿಯ ಮೇಲಿರುತ್ತದೆ. ದಬ್ಬಳ ಡೈನಾ ಬ್ರ್ಯಾಂಡ್ ಎಂಬ ಹೆಂಗಸಿನ ಎದೆಯಲ್ಲಿ ನೆಟ್ಟಿರುತ್ತದೆ. ಕೊಂದದ್ದು ತಾನೋ ಅಲ್ಲವೋ ಎಂಬುದೇ ಅವನಿಗೆ ತಿಳಿಯದು. ತನಿಖೆ ಮಾಡುವವನಿಗೇ ಊರಿನ ವಿಷ ಹತ್ತಿಕೊಳ್ಳುವ ಈ ಭಾಗವೇ ಕಾದಂಬರಿಯ ಶಕ್ತಿ. ಕೊನೆಗೆ ಪಟ್ಟಣ ಸೈನ್ಯದ ಹತೋಟಿಗೆ ಬಂದು, ತಿರುಗಿ ಎಲಿಹುವಿನ ಕೈಗೇ ಸೇರುತ್ತದೆ.

ಪರ್ಸನ್‌ವಿಲ್‌ಗೆ ಮಾದರಿಯೆಂದು ವಿಮರ್ಶಕರು ಗುರುತಿಸುವುದು ಮೊಂಟಾನಾ ರಾಜ್ಯದ ತಾಮ್ರದ ಗಣಿ ಪಟ್ಟಣ ಬ್ಯೂಟ್ ಅನ್ನು. 1917ರ ಜೂನ್‌ನಲ್ಲಿ ಅಲ್ಲಿನ ಗಣಿಯೊಂದರ ಬೆಂಕಿಯಲ್ಲಿ 168 ಕಾರ್ಮಿಕರು ಸತ್ತರು, ಮುಷ್ಕರ ಎದ್ದಿತು. ಆಗಸ್ಟ್ 1ರಂದು ಕಾರ್ಮಿಕ ಮುಖಂಡ ಫ್ರ್ಯಾಂಕ್ ಲಿಟಲ್‌ನನ್ನು ಮುಸುಕುಧಾರಿಗಳು ಎಳೆದೊಯ್ದು ರೈಲು ಸೇತುವೆಗೆ ನೇಣು ಹಾಕಿದರು. ಹ್ಯಾಮೆಟ್ 1915ರಿಂದ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯ ನೌಕರ. ಮುಷ್ಕರ ಮುರಿಯುವುದೂ ಆ ಸಂಸ್ಥೆಯ ದಂಧೆಯಾಗಿತ್ತು. ಲಿಟಲ್‌ನನ್ನು ಕೊಲ್ಲಲು ತನಗೆ 5,000 ಡಾಲರ್ ಕೊಡಬಂದಿದ್ದರೆಂದು ಹ್ಯಾಮೆಟ್ ಹೇಳಿದ್ದಾಗಿ ಸಂಗಾತಿ ಲಿಲಿಯನ್ ಹೆಲ್ಮನ್ ಬರೆದಿದ್ದಾಳೆ. ಇದಕ್ಕೆ ಬೇರೆ ಪುರಾವೆಯಿಲ್ಲ. ಆದರೆ ಕೂಲಿಗೆ ಕೊಲ್ಲುವ ಲೋಕವನ್ನು ಹತ್ತಿರದಿಂದ ಬಲ್ಲವನ ಬರಹವಿದು ಎಂಬುದಕ್ಕೆ ಪುಟಪುಟವೂ ಸಾಕ್ಷಿ.

ಕೋಯೆನ್ ಸಹೋದರರ ‘ಬ್ಲಡ್ ಸಿಂಪಲ್’ (1984) ಚಿತ್ರದ ಹೆಸರು ಬಂದದ್ದು ಈ ಕಾದಂಬರಿಯಿಂದ. ಹ್ಯಾಮೆಟ್‌ನ ಇನ್ನೊಂದು ಕಾದಂಬರಿ ‘ದಿ ಮಾಲ್ಟೀಸ್ ಫಾಲ್ಕನ್’ (1930) ಹೆಚ್ಚು ಹೆಸರು ಮಾಡಿದ್ದು ನಿಜ. ಆದರೆ ದುಡ್ಡು, ಪೊಲೀಸು, ಗೂಂಡಾಗಿರಿ ಒಂದಾದ ಊರು ಹೇಗಿರುತ್ತದೆಂದು ತಿಳಿಯಬಯಸುವವರು ಹ್ಯಾಮೆಟ್‌ನ ಕೃತಿಗಳಲ್ಲಿ ಮೊದಲು ಓದಬೇಕಾದದ್ದು ಇದನ್ನೇ.