ಹನ್ನೆರಡು ವೋಲ್ಟಿನ ಕಸುಬು

ಬೆಂಗಳೂರಿನ ಜೆ.ಸಿ. ರಸ್ತೆಗೆ ಆಡಿಯೊ ರಿಪೇರಿಗೆಂದು ಕಾರು ತರುವವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಸಬ್‌ವೂಫರ್ ಹೋಗಿದೆ, ಬೇರೆ ಹಾಕಿಬಿಡಿ." ನಾನು ಡಿಕ್ಕಿ ತೆಗೆಸುವ ಮೊದಲು ಬಾನೆಟ್ ಎತ್ತಿಸುತ್ತೇನೆ. ಬ್ಯಾಟರಿಯಿಂದ ಶುರು ಮಾಡು, ಸ್ಪೀಕರು ಕೊನೆಗೆ. ಇದು ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಕ್ರಮ. ಅವರು ಪಳಗಿದ್ದು ಟ್ರಾನ್ಸಿಸ್ಟರಿಗೂ ಮೊದಲಿನ ವಾಲ್ವ್ ರೇಡಿಯೊಗಳಲ್ಲಿ. ಸಬ್‌ವೂಫರ್ ಎಂಬ ಬೇಸ್ ಸ್ಪೀಕರಿನ ಹೆಸರೇ ಕೇಳಿರದ ಕಾಲದ ಆ ಕ್ರಮ ಇವತ್ತಿಗೂ ಯಾಕೆ ತಪ್ಪುವುದಿಲ್ಲ ಅನ್ನುವುದು ಈ ಕಸುಬಿನ ಚರಿತ್ರೆಯಲ್ಲೇ ಇದೆ.

1930ರಲ್ಲಿ ಶಿಕಾಗೊದ ಗ್ಯಾಲ್ವಿನ್ ಸೋದರರು ಕಾರಿಗೆ ಕೂರಿಸುವ ರೇಡಿಯೊ ಒಂದನ್ನು ಮಾರುಕಟ್ಟೆಗೆ ತಂದರು. ಅದಕ್ಕಿಟ್ಟ ಹೆಸರು ಮೊಟೊರೋಲ. ಮುಂದೆ ಕಂಪನಿಗೂ ಅದೇ ಹೆಸರಾಯಿತು. 1932ರಲ್ಲಿ ಜರ್ಮನಿಯ ಬ್ಲಾಪುಂಕ್ಟ್‌ನವರದ್ದು ಬಂತು, ತೂಕ ಸುಮಾರು 15 ಕಿಲೊ. ಆಗಿನವರನ್ನು ಕಾಡಿದ್ದು ಕರೆಂಟು. ವಾಲ್ವ್‌ಗೆ 200 ವೋಲ್ಟಿನ ಆಸುಪಾಸು ಬೇಕು, ಕಾರಿನಲ್ಲಿರುವುದು 6 ಇಲ್ಲವೇ 12. ಬ್ಯಾಟರಿಯ ಡಿಸಿ ಕರೆಂಟನ್ನು ಟ್ರಾನ್ಸ್‌ಫಾರ್ಮರಿಗೆ ನೇರ ಕೊಟ್ಟರೆ ಅದು ಬಿಸಿಯಾಗುತ್ತದೆಯೇ ಹೊರತು ವೋಲ್ಟೇಜು ಏರುವುದಿಲ್ಲ. ಏರಬೇಕಾದರೆ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡಬೇಕು.

ಆ ಕೆಲಸಕ್ಕೆ ಹುಟ್ಟಿದ್ದು ವೈಬ್ರೇಟರ್. ನಮ್ಮ ಮೇಸ್ತ್ರಿಯ ಡ್ರಾಯರಿನಲ್ಲಿ ಒಂದು ಉಳಿದಿತ್ತು. ತಗಡಿನ ಡಬ್ಬಿ, ವಾಲ್ವ್‌ನಂತೆಯೇ ಬುಡದಲ್ಲಿ ಪಿನ್ನುಗಳು. ಒಳಗೆ ಸದ್ದು ಅಡಗಿಸಲು ಸ್ಪಂಜಿನಂಥ ರಬ್ಬರು, ಅದರ ನಡುವೆ ಉಕ್ಕಿನ ಒಂದು ಪಟ್ಟಿ, ಪಟ್ಟಿಯ ಇಕ್ಕೆಲದಲ್ಲಿ ಕಾಳುಮೆಣಸಿಗಿಂತ ಚಿಕ್ಕ ಪಾಯಿಂಟುಗಳು. ಕರೆಂಟು ಕೊಟ್ಟರೆ ಪಟ್ಟಿ ಸೆಕೆಂಡಿಗೆ ನೂರು ಚಿಲ್ಲರೆ ಸಲ ನಡುಗಿ ಡಿಸಿಯನ್ನು ತುಂಡರಿಸುತ್ತಿತ್ತು. ದಿನ ಕಳೆದಂತೆ ಪಾಯಿಂಟು ಸುಟ್ಟು ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡರೆ ಫ್ಯೂಸ್ ಹಾರಿತು ಅಂತಲೇ ಲೆಕ್ಕ. ಆಗ ಹೊಸ ವೈಬ್ರೇಟರ್ ಸಿಕ್ಕಿಸಿ ದುಡ್ಡು ಎಣಿಸುವುದು ಸುಲಭ. ಆದರೆ ಪಾಯಿಂಟು ಸುಡಲು ಎಷ್ಟೋ ಸಲ ಕಾರಣ ಕಿಡಿ ತಗ್ಗಿಸಲು ಪಕ್ಕದಲ್ಲಿದ್ದ ಬಫರ್ ಕಂಡೆನ್ಸರ್. ಅದು ಸತ್ತಿದ್ದರೆ ಹೊಸದೂ ಬೇಗನೆ ಸುಡುತ್ತದೆ. ಕಂಡೆನ್ಸರ್ ಬದಲಾಯಿಸದೆ ವೈಬ್ರೇಟರ್ ಮುಟ್ಟಬಾರದು ಅನ್ನುವುದು ಆ ಪೀಳಿಗೆಯ ಪಾಠ. ಸತ್ತದ್ದನ್ನು ನೋಡಬೇಡ, ಕೊಂದದ್ದನ್ನು ಹುಡುಕು. ನನ್ನ ಮಟ್ಟಿಗೆ ರಿಪೇರಿ ಅಂದರೆ ಇದೇ.

1955ರಲ್ಲಿ ಫಿಲ್ಕೊ ಮತ್ತು ಕ್ರೈಸ್ಲರ್ ಸೇರಿ ವಾಲ್ವೇ ಇಲ್ಲದ, ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೊ ತಂದರು. ಟ್ರಾನ್ಸಿಸ್ಟರಿಗೆ 12 ವೋಲ್ಟ್ ಸಾಕು. ವೈಬ್ರೇಟರ್ ಮೂಲೆ ಸೇರಿತು. ಬೇರೆ ಗೋಳು ಶುರುವಾಯಿತು: ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಅರ್ಥ್ ಆಗಿ ಕಾರಿನ ಮೈಗೆ ಜೋಡಿಸುತ್ತಿದ್ದುದು ಬ್ಯಾಟರಿಯ ಪಾಸಿಟಿವ್. ನೋಡದೆ ನೆಗೆಟಿವ್ ಅರ್ಥ್‌ನ ಸೆಟ್ ಜೋಡಿಸಿದರೆ ಟ್ರಾನ್ಸಿಸ್ಟರು ಕ್ಷಣದಲ್ಲಿ ಬೂದಿ. ಹಾಗಾಗಿ ಹಳೆಯ ಮೇಸ್ತ್ರಿಗಳೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ, "ಅರ್ಥ್ ಯಾವುದು?" 1963ರಲ್ಲಿ ಫಿಲಿಪ್ಸ್ ಕ್ಯಾಸೆಟ್ ಬಂತು, ಕೆಲವೇ ವರ್ಷಗಳಲ್ಲಿ ಅದು ಕಾರಿಗೂ ಇಳಿಯಿತು. ನಮ್ಮಲ್ಲಿ ಆಗ ರೇಡಿಯೊ ಇಟ್ಟುಕೊಳ್ಳಲಿಕ್ಕೂ ಲೈಸೆನ್ಸ್ ಬೇಕಿತ್ತು.

12 ವೋಲ್ಟಿಗೆ ಒಂದು ಮಿತಿ ಇದೆ. ಡ್ಯಾಶ್‌ಬೋರ್ಡಿನ ಸೆಟ್ ಎಷ್ಟೇ ಒಳ್ಳೆಯದಾಗಿರಲಿ, ವೋಲ್ಟೇಜು ಏರಿಸದೆ 4 ಓಮಿನ ಸ್ಪೀಕರಿಗೆ ನಿಜವಾಗಿ ಕೊಡಬಲ್ಲದ್ದು 20 ವ್ಯಾಟಿನ ಸುತ್ತಮುತ್ತ. ಡಬ್ಬಿಯ ಮೇಲೆ 50 ಅಂತ ಬರೆದಿರುವುದನ್ನು ನಂಬಬೇಡಿ. 1973ರಲ್ಲಿ ಅಮೆರಿಕದ ಜಿಮ್ ಫೊಸ್‌ಗೇಟ್ ಕಾರಿಗೆಂದೇ ದೊಡ್ಡ ಆಂಪ್ಲಿಫೈಯರ್ ಕಟ್ಟಿದವರಲ್ಲಿ ಮೊದಲಿಗರು. ಇಂದಿನ ಯಾವುದೇ ದೊಡ್ಡ ಆಂಪ್ ಬಿಚ್ಚಿದರೂ ಕಾಣುವುದು ವೋಲ್ಟೇಜು ಏರಿಸಲು ಕೂತ ವೈಬ್ರೇಟರಿನ ಮೊಮ್ಮಗ: ಉಕ್ಕಿನ ಪಟ್ಟಿಯ ಜಾಗದಲ್ಲಿ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರುಗಳ ಸಾಲು, ಸೆಕೆಂಡಿಗೆ ನೂರರ ಬದಲು ಹತ್ತಾರು ಸಾವಿರ ಸಲ ಕತ್ತರಿಸುವ ಕೆಲಸ, ಅದನ್ನು ನಡೆಸಲು ಬಹಳ ಸಲ ಟಿಎಲ್494 ಎಂಬ ಚಿಪ್ಪು, ಪಕ್ಕದಲ್ಲಿ ತಾಮ್ರ ಸುತ್ತಿದ ಬಳೆಯಾಕಾರದ ಟ್ರಾನ್ಸ್‌ಫಾರ್ಮರ್. ಸುಟ್ಟ ಮಾಸ್‌ಫೆಟ್‌ಗೆ ಬದಲಿ ಹುಡುಕಿಕೊಂಡು ನಾವು ಹೋಗುವುದು ಹತ್ತಿರದ ಎಸ್.ಪಿ. ರಸ್ತೆಗೆ.

ಬೆಂಗಳೂರಿಗೆ ಇಂಥ ದೊಡ್ಡ ಆಂಪಿನ ಹುಚ್ಚು ಹತ್ತಿದ್ದು 1991ರ ನಂತರ, ವಿದೇಶಿ ಮಾಲು ಸಲೀಸಾಗಿ ಬರತೊಡಗಿದ ಮೇಲೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಇಲ್ಲೇ ಶುರುವಾಯಿತು. ಮಾರುತಿ 800ರ ಡಿಕ್ಕಿಯಲ್ಲೂ ಹನ್ನೆರಡು ಇಂಚಿನ ಸಬ್‌ವೂಫರ್ ಪೆಟ್ಟಿಗೆ ಕೂರಿಸಿ ಅನ್ನುವ ಹುಡುಗರು ಬರುತ್ತಿದ್ದರು.

ಅಂಥ ಕಾರು ಕೆಟ್ಟು ಬಂದಾಗಿನ ಕಥೆ ಬಹುತೇಕ ಹೀಗೆ. ಸಣ್ಣ ದನಿಯಲ್ಲಿ ಹಾಡು ಚೆನ್ನಾಗಿರುತ್ತದೆ. ಏರಿಸಿದ ಕೂಡಲೇ ಬೇಸ್ ಬಿದ್ದಾಗಲೆಲ್ಲ ಹೆಡ್‌ಲೈಟ್ ಮಂಕಾಗಿ, ಆಂಪಿನ ಕೆಂಪು ದೀಪ ಹತ್ತಿ ಎಲ್ಲ ನಿಂತುಹೋಗುತ್ತದೆ. ನಾನು ಎಂಜಿನ್ ಓಡಿಸಿ, ಅದೇ ಹಾಡು ಹಾಕಿಸಿ, ಮೀಟರಿನ ಒಂದು ಕಡ್ಡಿಯನ್ನು ಆಂಪಿನ ನೆಗೆಟಿವ್‌ಗೂ ಇನ್ನೊಂದನ್ನು ಉದ್ದ ವಯರಿನಿಂದ ಬ್ಯಾಟರಿಯ ನೆಗೆಟಿವ್‌ಗೂ ಇಡುತ್ತೇನೆ. ಅಲ್ಲಿ ಬರಬೇಕಾದದ್ದು ಸೊನ್ನೆಗೆ ಹತ್ತಿರ. ಒಂದೂವರೆ, ಎರಡು ವೋಲ್ಟ್ ಬಂದರೆ ಕಳ್ಳ ಸಿಕ್ಕಿದ ಹಾಗೆ. ನಿಜವಾದ 500 ವ್ಯಾಟಿನ ಆಂಪ್ ಜೋರಾಗಿ ದುಡಿಯುವಾಗ 60 ಆಂಪಿಯರ್ ಎಳೆಯುತ್ತದೆ, ದಾರಿಯಲ್ಲಿ 0.03 ಓಮ್ ಅಡ್ಡಿ ಇದ್ದರೂ 1.8 ವೋಲ್ಟ್ ಅಲ್ಲೇ ಕರಗುತ್ತದೆ. ಇಷ್ಟು ಸಣ್ಣ ಅಡ್ಡಿಯನ್ನು ಮಾಮೂಲಿ ಮೀಟರಿನ ಓಮ್ ರೇಂಜ್ ನೆಟ್ಟಗೆ ತೋರಿಸುವುದಿಲ್ಲ. ಸುಮ್ಮನಿರುವ ಕಾರಿನಲ್ಲಿ ಎಲ್ಲ ಸರಿಯಾಗಿ ಕಾಣುವುದು ಅದಕ್ಕೇ. ಅರ್ಥ್ ಬೋಲ್ಟ್ ಬಿಚ್ಚಿದರೆ ರಿಂಗಿನ ಕೆಳಗೆ ಕಂಪನಿಯ ಪೇಂಟ್ ಹಾಗೇ ಇರುತ್ತದೆ. ಕರೆಂಟು ಬರೀ ಬೋಲ್ಟಿನ ಥ್ರೆಡ್ಡಿನಿಂದ ಹರಿದು ಸುತ್ತ ಕಂದು ಉಂಗುರ ಕಟ್ಟಿರುತ್ತದೆ. ಉಪ್ಪುಕಾಗದದಲ್ಲಿ ತಗಡು ಹೊಳೆಯುವವರೆಗೆ ಉಜ್ಜಿ ಬಿಗಿದರೆ ಕೆಂಪು ದೀಪ ಹೋಗುತ್ತದೆ.

ಇನ್ನೊಂದು ಶತ್ರು, ತಾಮ್ರದ ಬಣ್ಣ ಹೊದ್ದ ಅಲ್ಯುಮಿನಿಯಂ ವಯರು. ದಪ್ಪ ಪ್ಲಾಸ್ಟಿಕ್ಕಿನೊಳಗೆ ಅಡಗಿರುವ ಅದನ್ನು ತಾಮ್ರದ ಬೆಲೆಗೆ ಮಾರುವುದು ನನಗೆ ಸಿಟ್ಟು ತರಿಸುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅಲ್ಯುಮಿನಿಯಂ ಕರೆಂಟು ಒಯ್ಯುವುದು ತಾಮ್ರದ ಸುಮಾರು ಶೇ. 60ರಷ್ಟು ಮಾತ್ರ.

ಇಷ್ಟಾದ ಮೇಲೆ ಸ್ಪೀಕರು. ವಯರು ಕಳಚಿ ಕಾಯಿಲ್ ಅಳೆದರೆ 4 ಓಮಿನದು ಮೂರೂವರೆಯ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಕೋನನ್ನು ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿದಾಗ ಗರಗರ ಎಂದು ಉಜ್ಜಿದರೆ ಸುಟ್ಟು ಉಬ್ಬಿದೆ. ಆಗಲೂ, ಸುಟ್ಟದ್ದು ಯಾಕೆ ಅಂತ ಕೇಳದೆ ಹೊಸದನ್ನು ಕೂರಿಸುವುದಿಲ್ಲ.

ಈಗ ಎಲೆಕ್ಟ್ರಿಕ್ ಕಾರುಗಳು ಬರುತ್ತಿವೆ. ಅವುಗಳ ದೊಡ್ಡ ಬ್ಯಾಟರಿಯಲ್ಲಿ ನೂರಾರು ವೋಲ್ಟ್ ಇದೆ. ಆದರೂ ದೀಪ, ಹಾರ್ನ್, ಹಾಡು ಎಲ್ಲದಕ್ಕೂ ಇರುವುದು ಬಹುತೇಕ ಅದೇ 12 ವೋಲ್ಟಿನ ಪುಟ್ಟ ಬ್ಯಾಟರಿ. ನೂರಾರು ವೋಲ್ಟನ್ನು ಒಂದು ಕನ್ವರ್ಟರ್ ಕತ್ತರಿಸಿ ಇಳಿಸುತ್ತದೆ, ಆಂಪ್ ಮತ್ತೆ ಕತ್ತರಿಸಿ ಏರಿಸುತ್ತದೆ. ನೂರಾರು ವೋಲ್ಟ್ ಹರಿಯುವ ಕಿತ್ತಳೆ ಬಣ್ಣದ ವಯರು ಮುಟ್ಟಬೇಡಿ ಎಂದು ನನ್ನ ಹುಡುಗರಿಗೆ ಹೇಳಿದ್ದೇನೆ. ಉಳಿದಂತೆ ಪರೀಕ್ಷೆ ಶುರುವಾಗುವುದು ಅದೇ ಪುಟ್ಟ ಬ್ಯಾಟರಿಯಿಂದ.