ತ್ಯಾಜ್ಯವೆಂಬ ಹೆಸರು: ತುಮಕೂರು ಸೀಮೆಯ ಬೆಳೆಯ ಉಳಿಕೆ ಹಾಗೂ ಇಂಧನದ ಚರಿತ್ರೆ

‘ಕೃಷಿ ತ್ಯಾಜ್ಯ’ ಎಂಬುದು ಆಡಳಿತ ಹಾಗೂ ವಿಜ್ಞಾನದ ಬರಹಗಳ ಮೂಲಕ ರೂಢಿಗೆ ಬಂದ ಪದ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಒಕ್ಕಲು ಬದುಕಿನಲ್ಲಿ ಬೆಳೆಯ ಪ್ರತಿಯೊಂದು ಉಳಿಕೆಗೂ ಅದರದೇ ಹೆಸರಿದೆ, ಸೇರಬೇಕಾದ ತಾಣವಿದೆ. ರಾಗಿಹುಲ್ಲು ಬಣವೆಯಾಗಿ ದನಗಳ ವರ್ಷದ ಮೇವಾಗುತ್ತದೆ. ತೊಗರಿಕಡ್ಡಿ ಒಲೆಗೆ, ತಡಿಕೆಗೆ ಒದಗುತ್ತದೆ. ತೆಂಗಿನ ಗರಿ ಚಪ್ಪರಕ್ಕೂ ಪೊರಕೆಗೂ, ಮಟ್ಟೆ ನಾರಿಗೂ ಸಲ್ಲುತ್ತವೆ. ಸಗಣಿ ತಿಪ್ಪೆಯನ್ನು ಸೇರಿ ಗೊಬ್ಬರವಾಗುತ್ತದೆ. ಕಣದ ರಾಶಿಪೂಜೆಯಲ್ಲಿ ಅದೇ ಸಗಣಿ, ಗರಿಕೆ ಮುಡಿದು ಬೆನಕನಾಗುತ್ತದೆ. ಹೀಗೆ ಹೊಲದ ಉಳಿಕೆಗಳಿಗೆ ಹಕ್ಕುದಾರರು ಮೊದಲೇ ಇದ್ದಾರೆ ಎಂಬುದು ಇಂಧನದ ಚರ್ಚೆಯಲ್ಲಿ ಮುಖ್ಯವಾಗುತ್ತದೆ.

ಹುಲ್ಲು, ಕಡ್ಡಿ, ಸಿಪ್ಪೆಗಳಿಂದ ಎಥೆನಾಲ್ ಪಡೆಯುವುದು ಕಬ್ಬಿನ ಕಾಕಂಬಿಯಿಂದ ಪಡೆಯುವಷ್ಟು ಸುಲಭವಲ್ಲ. ಇವುಗಳ ಸಕ್ಕರೆಯು ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್ ರೂಪದಲ್ಲಿ ಲಿಗ್ನಿನ್‌ನೊಡನೆ ಹೆಣೆದುಕೊಂಡಿರುತ್ತದೆ. ಆಮ್ಲ ಅಥವಾ ಹಬೆಯಿಂದ ಆ ಹೆಣಿಗೆಯನ್ನು ಸಡಿಲಿಸಿ, ಕಿಣ್ವಗಳಿಂದ ಸಕ್ಕರೆಯನ್ನು ಬಿಡಿಸಿ, ಯೀಸ್ಟ್‌ನಿಂದ ಹುದುಗಿಸಿ, ಬಟ್ಟಿ ಇಳಿಸಬೇಕು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಈ ಮಾರ್ಗಕ್ಕೆ ಪ್ರೋತ್ಸಾಹ ನೀಡಿತು. 2022ರ ಆಗಸ್ಟ್ 10ರಂದು ಹರಿಯಾಣದ ಪಾಣಿಪತ್‌ನಲ್ಲಿ ಲೋಕಾರ್ಪಣೆಗೊಂಡ ಘಟಕವು ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥೆನಾಲ್ ತಯಾರಿಸುವ ಗುರಿ ಹೊಂದಿತ್ತು. ಅಲ್ಲಿನ ರೈತರು ಭತ್ತದ ಕೂಳೆಯನ್ನು ಹೊಲದಲ್ಲೇ ಸುಡುತ್ತಿದ್ದುದು ಅದರ ಹಿನ್ನೆಲೆ. ರಾಗಿಹುಲ್ಲನ್ನು ಜೋಪಾನವಾಗಿ ಬಣವೆ ಒಟ್ಟುವ ತುಮಕೂರು ಸೀಮೆಗೆ ಆ ಮಾದರಿಯನ್ನು ಹಾಗೆಯೇ ಅನ್ವಯಿಸಲಾಗದು.

ಈ ಅಂಶವನ್ನು ಕುಣಿಗಲ್ ತಾಲ್ಲೂಕಿನ ಅನುಭವವೇ ತೋರಿಸಿಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಉಂಗ್ರ ಗ್ರಾಮದಲ್ಲಿ ವಿಸ್ತರಣಾ ಕೇಂದ್ರವನ್ನು ತೆರೆಯಿತು. ಸುತ್ತಲಿನ ಹಳ್ಳಿಗಳ ಇಂಧನ ಬಳಕೆಯನ್ನು ಮನೆಮನೆಗೆ ಹೋಗಿ ಅಧ್ಯಯನ ಮಾಡಿದಾಗ, ಒಲೆಯ ಮುಖ್ಯ ಆಧಾರ ಸೌದೆಯೆಂದು, ಅದರ ಹೊರೆ ಬಹುಮಟ್ಟಿಗೆ ಹೆಂಗಸರು ಮಕ್ಕಳ ಮೇಲಿದೆಯೆಂದು ತಿಳಿದುಬಂದಿತು. ಪುರ ಗ್ರಾಮದ ಜನರು ಸಗಣಿಯನ್ನು ಬೆರಣಿ ಮಾಡಿ ಉರಿಸದೆ ಗೊಬ್ಬರಕ್ಕೆಂದೇ ಮೀಸಲಿಟ್ಟಿದ್ದರೆಂಬುದೂ ದಾಖಲಾಯಿತು.

ಪುರದಲ್ಲಿ ಸ್ಥಾಪಿಸಿದ ಸಮುದಾಯ ಗೋಬರ್ ಗ್ಯಾಸ್ ಘಟಕವು ಮೊದಲಿಗೆ ಅಡುಗೆಯನ್ನು ಉದ್ದೇಶಿಸಿತ್ತು. ದೊರೆತ ಸಗಣಿಯ ಅನಿಲ ಎಲ್ಲ ಮನೆಗಳ ಒಲೆಗೆ ಸಾಲದೆ ಆ ಪ್ರಯತ್ನ ಕೈಗೂಡಲಿಲ್ಲ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ನಡೆಸಿ, ಕುಡಿಯುವ ನೀರು ಹಾಗೂ ದೀಪ ಒದಗಿಸುವ ವ್ಯವಸ್ಥೆ ಜಾರಿಗೆ ಬಂದಿತು. ಸಗಣಿ ತಂದವರಿಗೆ ತೂಕದ ಮೇಲೆ ಹಣ ಸಲ್ಲುತ್ತಿತ್ತು. ಅನಿಲ ತೆಗೆದ ರಾಡಿ ಗೊಬ್ಬರವಾಗಿ ಅವರ ಹೊಲಕ್ಕೇ ಮರಳುತ್ತಿತ್ತು. ತಿಪ್ಪೆಯ ಹಕ್ಕಿಗೆ ಚ್ಯುತಿ ಬಾರದುದರಿಂದ ಊರು ಅದನ್ನು ತನ್ನದೆಂದು ಒಪ್ಪಿತು. 1988ರಲ್ಲಿ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆಯಿಂದ ಅನಿಲ ಪಡೆಯುವ ಘಟಕ ಆರಂಭವಾಯಿತು. ಅದಕ್ಕಾಗಿ ಬೇರೆಯೇ ನೆಡುತೋಪು ಬೆಳೆಸಲಾಯಿತು. ಈ ಎರಡು ಘಟಕಗಳೂ ಹಲವು ವರ್ಷ ನಡೆದವು. ದನದ ಮೇವಿಗೆ ಎರಡೂ ಕೈಹಾಕಲಿಲ್ಲ.

ಈ ಹಿನ್ನೆಲೆಯಲ್ಲಿ ಎಥೆನಾಲ್‌ಗೆ ಯಾವ ಉಳಿಕೆ ಸಲ್ಲುತ್ತದೆ ಎಂಬುದನ್ನು ಹಳ್ಳಿಯ ಲೆಕ್ಕದಿಂದಲೇ ನಿರ್ಣಯಿಸಬೇಕಾಗುತ್ತದೆ. ಗುಬ್ಬಿ ಕಡೆಯ ಅಡಿಕೆ ಸೀಮೆಯಲ್ಲಿ ಸುಲಿದ ಸಿಪ್ಪೆ ಬಹಳಷ್ಟು ರಸ್ತೆಬದಿಗೆ ಬಿದ್ದು ಸುಟ್ಟುಹೋಗುತ್ತದೆ. ಅದು ದನದ ಮೇವಲ್ಲ; ಬೇಗ ಕೊಳೆಯದ ಕಾರಣ ತಿಪ್ಪೆಗೂ ಅಷ್ಟಾಗಿ ಸಲ್ಲದು. ಹಕ್ಕುದಾರರು ಕಡಿಮೆಯಿರುವ ಇಂತಹ ನಾರುವಸ್ತುವಿನಿಂದ ಮೊದಲು ಮಾಡುವುದು ಯುಕ್ತ. ರಾಗಿಹುಲ್ಲಿಗೆ ಕಾರ್ಖಾನೆ ಬೆಲೆ ಕಟ್ಟಿದರೆ, ಹೊಲವಿಲ್ಲದೆ ಒಂದೆರಡು ಹಸು ಸಾಕಿಕೊಂಡವರು ಆ ಬೆಲೆಯ ಮೊದಲ ಪೆಟ್ಟು ತಿನ್ನುತ್ತಾರೆ. ಯಾವುದು ತ್ಯಾಜ್ಯ ಎಂಬುದನ್ನು ಕಾರ್ಖಾನೆಯ ಅಗತ್ಯವೊಂದೇ ನಿರ್ಧರಿಸಬಾರದು. ಬಣವೆ, ಒಲೆ, ತಿಪ್ಪೆಗಳ ಪಾಲು ಸಂದ ಬಳಿಕ ಉಳಿದುದಷ್ಟೇ ಇಂಧನದ ಪಾಲು ಎಂಬುದು ಈ ಸೀಮೆಯ ಚರಿತ್ರೆ ಕಲಿಸುವ ಪಾಠ.